ಕಾಮೆಂಟ್ ಕೀ ಒತ್ತಿ, ಕಾರಣ ಕನ್ನಡದಲ್ಲಿ ಬರೀರಿ

ನಮ್ಮ ಬ್ಯಾಚ್‌ನಲ್ಲಿ ಎಡಿಟರ್ ಬಗ್ಗೆ ವಾದ ಶುರುವಾದ್ರೆ ಮುಗಿಯೋದೇ ಇಲ್ಲ. ಒಬ್ಬ ಡಾರ್ಕ್ ಥೀಮ್ ಅಂತಾನೆ, ಇನ್ನೊಬ್ಬಳು ಫಾಂಟ್ ಅಂತಾಳೆ, ಮತ್ತೊಬ್ಬ ವಿಮ್ ಬಿಟ್ಟು ಬೇರೆ ಏನನ್ನೂ ಮುಟ್ಟಲ್ಲ ಅಂತ ಹಟ ಹಿಡೀತಾನೆ. ಥೀಮ್ ಆರಿಸೋಕೆ ಒಂದಿಡೀ ಸಂಜೆ ಕಳೆಯೋ ಇವರನ್ನೇ, ಲ್ಯಾಬ್‌ನಲ್ಲಿ ಪದೇ ಪದೇ ಮಾಡೋ ಒಂದು ಕೆಲಸಕ್ಕೆ ಯಾವ ಕೀ ಅಂತ ಕೇಳಿ ನೋಡಿ. ಅರ್ಧ ಜನ ಕಣ್ ಕಣ್ ಬಿಡ್ತಾರೆ. ಆ ಕೆಲಸ ಏನು ಅಂದ್ರೆ, ಕೋಡ್‌ನ ನಾಲ್ಕು ಸಾಲನ್ನು ಅಳಿಸದೆ ಸುಮ್ಮನಾಗಿಸೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾಮೆಂಟ್ ಮಾಡೋದು.

ಇದು ಸಣ್ಣ ವಿಷಯ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಎಡಿಟರ್‌ನಲ್ಲಿ ಮೊದಲು ಸರಿ ಮಾಡ್ಕೋಬೇಕಾದ್ದು ಈ ಒಂದು ಕೀ. ಆದರೆ ಬರೀ ಬೇಗ ಒತ್ತೋದನ್ನು ಕಲಿತರೆ ಅರ್ಧ ಕೆಲಸ ಮಾತ್ರ ಆಗುತ್ತೆ. ಸಾಲನ್ನು ನಿಲ್ಲಿಸಿದ ಮೇಲೆ ಯಾಕೆ ನಿಲ್ಲಿಸಿದ್ದು ಅಂತ ಅಲ್ಲೇ ಒಂದು ಸಾಲು ಬರೀಬೇಕು, ಅದನ್ನು ಕನ್ನಡದಲ್ಲಿ ಬರೆಯೋದಕ್ಕೆ ನಾವು ನಾಚಬಾರದು. ನನ್ನ ವಾದ ಇಷ್ಟೇ.

ವೇಗ ಯಾಕೆ ಬೇಕು?

ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ನೆನಪು ಮಾಡ್ಕೊಳ್ಳಿ. ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಕಂಪೈಲ್ ಆಯ್ತು, ಓಡಿಸಿದ ತಕ್ಷಣ ಸೆಗ್ಮೆಂಟೇಶನ್ ಫಾಲ್ಟ್. ಎಲ್ಲಿ ಅಂತ ಅದು ಹೇಳಲ್ಲ. ಡೀಬಗರ್ ಕಲಿಯೋದು ಒಳ್ಳೇದೇ, ಆದರೆ ಆ ಹೊತ್ತಿಗೆ ನಮ್ಮ ಕೈಗೆ ಮೊದಲು ಬರೋ ಉಪಾಯ ಬೇರೆ. ಅರ್ಧ ಕೋಡ್ ಮುಚ್ಚು, ಓಡಿಸು, ಸರಿ ಹೋದ್ರೆ ತಪ್ಪು ಮುಚ್ಚಿದ ಅರ್ಧದಲ್ಲಿದೆ. ಈಗ ಆ ಅರ್ಧದಲ್ಲಿ ಅರ್ಧ ಮುಚ್ಚು. ಲೆಕ್ಕದ ಪ್ರಕಾರ 64 ಸಾಲಿನಲ್ಲಿ ಒಂದು ಕೆಟ್ಟ ಸಾಲು ಇದ್ರೆ ಆರು ಸಲ ಹೀಗೆ ಮಾಡಿದ್ರೆ ಸಿಕ್ಕಿಬೀಳುತ್ತೆ. ನಿಜವಾದ ಕೋಡ್ ಇಷ್ಟು ಅಚ್ಚುಕಟ್ಟಾಗಿ ಎರಡು ಹೋಳಾಗಲ್ಲ, ಆದರೂ ದಾರಿ ಇದೇ.

ಈಗ ಕೈಯಿಂದ ಪ್ರತಿ ಸಾಲಿನ ಮುಂದೆ // ಹಾಕ್ತಾ ಹೋದ್ರೆ ಮೊದಲ ಹೆಜ್ಜೆಯ 32 ಸಾಲಿಗೇ 64 ಸಲ ಸ್ಲ್ಯಾಶ್ ಒತ್ತಬೇಕು. ಮತ್ತೆ ಅಷ್ಟನ್ನೂ ತೆಗೀಬೇಕು. ಆದ್ದರಿಂದ ಜನ ಏನು ಮಾಡ್ತಾರೆ? ಅಳಿಸಿಬಿಡ್ತಾರೆ. ಆಮೇಲೆ ಕಂಟ್ರೋಲ್ ಝಡ್ ಒತ್ತಿ ಒತ್ತಿ ಎಲ್ಲಿಗೋ ಹೋಗಿ ನಿಲ್ತಾರೆ. ಕೀ ಸುಲಭವಾಗಿದ್ರೆ ಪ್ರಯೋಗ ಮಾಡೋಕೆ ಧೈರ್ಯ ಬರುತ್ತೆ, ಕಷ್ಟವಾಗಿದ್ರೆ ಊಹೆ ಮಾಡ್ಕೊಂಡು ಕೂರ್ತೀವಿ. ಹಾಗಾಗಿ ಇದನ್ನ ಬರೀ ಸಮಯ ಉಳಿಸೋ ಪ್ರಶ್ನೆ ಅನ್ನೋಕೆ ಆಗಲ್ಲ.

ಯಾವ ಎಡಿಟರ್‌ನಲ್ಲಿ ಯಾವ ಕೀ

ಗೊತ್ತಿರೋರು ಈ ಭಾಗ ಹಾರಿಸಿ. ಗೊತ್ತಿಲ್ಲದೋರು ಫೋಟೋ ತೆಗೆದಿಟ್ಕೊಳ್ಳಿ.

ವಿಎಸ್ ಕೋಡ್, ಸಬ್ಲೈಮ್, ಆರ್ಡುಯಿನೋ ಐಡಿಇ: ಸಾಲುಗಳನ್ನು ಆಯ್ಕೆ ಮಾಡಿ ಕಂಟ್ರೋಲ್ ಮತ್ತು ಸ್ಲ್ಯಾಶ್. ಇನ್ನೊಮ್ಮೆ ಒತ್ತಿದ್ರೆ ಮೊದಲಿನ ಹಾಗೆ. ಕೋಡ್‌ಬ್ಲಾಕ್ಸ್‌ನಲ್ಲಿ ಹಾಕೋಕೆ ಕಂಟ್ರೋಲ್ ಶಿಫ್ಟ್ ಸಿ, ತೆಗೆಯೋಕೆ ಕಂಟ್ರೋಲ್ ಶಿಫ್ಟ್ ಎಕ್ಸ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್ ಕ್ಯೂ. ಪೈಥಾನ್ ಜೊತೆ ಬರೋ ಐಡಲ್‌ನಲ್ಲಿ ಆಲ್ಟ್ 3 ಹಾಕುತ್ತೆ, ಆಲ್ಟ್ 4 ತೆಗೆಯುತ್ತೆ. ಉಬುಂಟು ಲ್ಯಾಬ್‌ನ ಜಿಎಡಿಟ್‌ನಲ್ಲಿ ಕೋಡ್ ಕಾಮೆಂಟ್ ಅನ್ನೋ ಪ್ಲಗಿನ್ ಆನ್ ಮಾಡಿದ್ರೆ ಕಂಟ್ರೋಲ್ ಎಮ್ ಕೆಲಸ ಮಾಡುತ್ತೆ.

ವಿಮ್‌ನವರಿಗೆ ಪ್ಲಗಿನ್ ಇಲ್ಲದೇ ಇರೋ ದಾರಿ: ಕಂಟ್ರೋಲ್ ವಿ ಒತ್ತಿ, ಕೆಳಕ್ಕೆ ಇಳಿದು, ದೊಡ್ಡ ಐ ಒತ್ತಿ, // ಬರೆದು, ಎಸ್ಕೇಪ್. ಟಿಮ್ ಪೋಪ್ ಬರೆದ ಕಾಮೆಂಟರಿ ಪ್ಲಗಿನ್ ಹಾಕ್ಕೊಂಡ್ರೆ ಜಿ, ಸಿ, ಸಿ ಮೂರು ಅಕ್ಷರದಲ್ಲಿ ಒಂದು ಸಾಲು ಮುಚ್ಚುತ್ತೆ. 2024ರಲ್ಲಿ ಬಂದ ನಿಯೋವಿಮ್ 0.10ರಿಂದ ಇದು ಒಳಗೇ ಇದೆ, ಬೇರೆ ಪ್ಲಗಿನ್ ಬೇಡ.

ಎರಡು ಎಚ್ಚರಿಕೆ. ಒಂದು, ವಿಎಸ್ ಕೋಡ್‌ನ ಕಂಟ್ರೋಲ್ ಸ್ಲ್ಯಾಶ್ ಸ್ವಿಚ್ ಇದ್ದ ಹಾಗೆ, ಅದೇ ಕೀ ಹಾಕುತ್ತೆ, ಅದೇ ಕೀ ತೆಗೆಯುತ್ತೆ. ಆಯ್ಕೆ ಮಾಡಿದ ಸಾಲುಗಳಲ್ಲಿ ಕೆಲವು ಮೊದಲೇ ಕಾಮೆಂಟ್ ಆಗಿದ್ರೆ ಅವಕ್ಕೆ ಇನ್ನೊಂದು ಜೊತೆ // ಸೇರುತ್ತೆ. ಖಚಿತವಾಗಿ ಹಾಕೋದಷ್ಟೇ ಬೇಕು ಅಂದ್ರೆ ಕಂಟ್ರೋಲ್ ಕೆ ಆದಮೇಲೆ ಕಂಟ್ರೋಲ್ ಸಿ. ತೆಗೆಯೋದಷ್ಟೇ ಬೇಕು ಅಂದ್ರೆ ಕಂಟ್ರೋಲ್ ಕೆ ಆದಮೇಲೆ ಕಂಟ್ರೋಲ್ ಯು. ಎರಡು, ಸಿ ಭಾಷೆಯಲ್ಲಿ /* ಮತ್ತು */ ಒಂದರೊಳಗೆ ಇನ್ನೊಂದು ಕೂರಲ್ಲ. ಮುಚ್ಚಬೇಕಾದ ಭಾಗದ ಒಳಗೆ ಮೊದಲೇ ಒಂದು */ ಇದ್ರೆ ಕಾಮೆಂಟ್ ಅಲ್ಲಿಗೇ ಮುಗಿದು ಉಳಿದ ಸಾಲುಗಳೆಲ್ಲ ಎರರ್ ಕೊಡ್ತವೆ. ಆವಾಗ ಹ್ಯಾಷ್ ಇಫ್ ಸೊನ್ನೆ, ಹ್ಯಾಷ್ ಎಂಡಿಫ್ ಜೋಡಿ ಬಳಸಿ. ಅದರೊಳಗೆ ಎಷ್ಟು ಕಾಮೆಂಟ್ ಇದ್ರೂ ತೊಂದರೆ ಇಲ್ಲ.

ಅಂದಹಾಗೆ, ಈ // ಗುರುತು ನಮ್ಮ ಸಿ ಭಾಷೆಯದ್ದಲ್ಲ. 1967ರಲ್ಲಿ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್ ಅನ್ನೋ ಭಾಷೆಯಲ್ಲಿತ್ತು, ಸಿಯಲ್ಲಿ ಬಿಟ್ಟುಹೋಯ್ತು, ಸಿ ಪ್ಲಸ್ ಪ್ಲಸ್‌ನಲ್ಲಿ ವಾಪಸ್ ಬಂತು, ಕೊನೆಗೆ 1999ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಅಧಿಕೃತವಾಗಿ ಸೇರಿತು. ಅದಕ್ಕೂ ಹಿಂದೆ 1957ರ ಫೋರ್ಟ್ರಾನ್ ಕಾಲದಲ್ಲಿ ಒಂದು ಸಾಲು ಅಂದ್ರೆ ಒಂದು ಪಂಚ್ ಕಾರ್ಡ್. ಕಾರ್ಡಿನ ಮೊದಲ ಕಾಲಂನಲ್ಲಿ ಸಿ ಅಕ್ಷರ ಇದ್ರೆ ಕಂಪೈಲರ್ ಆ ಕಾರ್ಡನ್ನು ಲೆಕ್ಕಕ್ಕೆ ತಗೊಳ್ತಿರಲಿಲ್ಲ. ಅಂದ್ರೆ ಮೊದಲಿನಿಂದಲೂ ಕಾಮೆಂಟ್ ಅನ್ನೋದು ಮೆಷೀನ್ ಓದದೆ ಬಿಡೋ ಜಾಗ, ಮನುಷ್ಯರಿಗೆ ಅಂತ ಉಳಿಸಿದ ಜಾಗ.

ಕಾರಣ ಇಲ್ಲದ ಕಾಮೆಂಟ್‌ನ ಕಷ್ಟ

ಕೀ ಸುಲಭವಾದ ಮೇಲೆ ಹೊಸ ಸಮಸ್ಯೆ ಶುರುವಾಗುತ್ತೆ. ಮುಚ್ಚೋದು ಎಷ್ಟು ಸಲೀಸು ಅಂದ್ರೆ, ಮುಚ್ಚಿದ್ದನ್ನು ಮರೆಯೋದೂ ಅಷ್ಟೇ ಸಲೀಸು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪೆನ್ ಡ್ರೈವ್‌ನಲ್ಲಿ ಇಳಿದು ಬರೋ ಯಾವ ಪ್ರಾಜೆಕ್ಟ್ ಬೇಕಾದ್ರೂ ತೆಗೆದು ನೋಡಿ. ಅರ್ಧ ಫೈಲ್ ಹಸಿರು ಬಣ್ಣದಲ್ಲಿ ಇರುತ್ತೆ. ಯಾವ ಸಾಲು ಹಳೇ ಪ್ರಯತ್ನ, ಯಾವುದು ಬೇಕಂತಲೇ ನಿಲ್ಲಿಸಿದ್ದು, ಯಾವುದನ್ನು ಮತ್ತೆ ಆನ್ ಮಾಡಬೇಕು, ಒಂದೂ ಗೊತ್ತಾಗಲ್ಲ. ಕೇಳೋಣ ಅಂದ್ರೆ ಅವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆಗಿರುತ್ತೆ.

ನಮ್ಮ ತಂಡದ ಮಿನಿ ಪ್ರಾಜೆಕ್ಟ್ ಉದಾಹರಣೆ ಕೊಡ್ತೀನಿ. ನಾನು ಪಿರಿಯಾಪಟ್ಟಣದ ಕಡೆಯವನು. ನಮ್ಮ ಕಡೆ, ಹುಣಸೂರು, ಎಚ್.ಡಿ. ಕೋಟೆ ಕಡೆ, ಮಳೆಗಾಲ ಅಂದ್ರೆ ಹೊಗೆಸೊಪ್ಪಿನ ಕಾಲ. ಹಸಿ ಎಲೆಯನ್ನು ಬ್ಯಾರನ್‌ನಲ್ಲಿ ಕಟ್ಟಿ ಸೌದೆ ಉರಿಸಿ ದಿನಗಟ್ಟಲೆ ಹದ ಮಾಡ್ತಾರೆ. ಮೊದಲು ಎಲೆ ಹಳದಿ ಆಗೋ ತನಕ ಕಮ್ಮಿ ಬಿಸಿ, ಆಮೇಲೆ ಎಲೆ ಒಣಗೋಕೆ ಜಾಸ್ತಿ, ಕೊನೆಗೆ ನಡುವಿನ ದಪ್ಪ ನರ ಒಣಗೋಕೆ ಇನ್ನೂ ಜಾಸ್ತಿ, ಸುಮಾರು 70 ಡಿಗ್ರಿ ಸೆಲ್ಸಿಯಸ್ ತನಕ. ಬಿಸಿ ಕೈ ಮೀರಿದ್ರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ ಬ್ಯಾರನ್‌ಗೇ ಬೆಂಕಿ ಬೀಳಬಹುದು. ರಾತ್ರಿಯೆಲ್ಲಾ ಯಾರಾದ್ರೂ ಎದ್ದು ನೋಡ್ತಾನೇ ಇರಬೇಕು. ಅದಕ್ಕೇ ಆರ್ಡುಯಿನೋ ಇಟ್ಟು ಬಿಸಿ ಅಳೆದು, ಮಿತಿ ದಾಟಿದ್ರೆ ಸದ್ದು ಮಾಡೋ ಒಂದು ಸಣ್ಣ ಡಬ್ಬಿ ಮಾಡೋಣ ಅಂತ ಹೊರಟ್ವಿ.

ಹಳೇ ತಂಡದ ಕೋಡ್ ಸಿಕ್ಕಿತು. ಅದರಲ್ಲಿ ಡಿಎಚ್‌ಟಿ 11 ಅನ್ನೋ ಸೆನ್ಸರ್‌ನ ಸಾಲು ಕಾಮೆಂಟ್ ಆಗಿತ್ತು, ಕೆಳಗೆ ಡಿಎಚ್‌ಟಿ 22ರ ಸಾಲು ಇತ್ತು. ಕಾರಣ ಬರೆದಿರಲಿಲ್ಲ. ನಮ್ಮ ಡಬ್ಬದಲ್ಲಿ ಇದ್ದಿದ್ದು 11. ಪುಸ್ತಕದಲ್ಲಿ, ವಿಡಿಯೋಗಳಲ್ಲಿ ಎಲ್ಲಾ ಕಡೆ ಕಾಣೋದೂ ಅದೇ. ತಂಡದಲ್ಲಿ ಒಬ್ಬ ಹೇಳಿದ, "ಅದು ದುಡ್ಡು ಜಾಸ್ತಿ ಇದ್ದೋರು ಹಾಕಿರ್ತಾರೆ ಬಿಡು ಗುರು, ಇದನ್ನೇ ಆನ್ ಮಾಡೋಣ." ಅಷ್ಟರಲ್ಲಿ ಇನ್ನೊಬ್ಬಳು ಡೇಟಾಶೀಟ್ ತೆಗೆದಳು. ಡಿಎಚ್‌ಟಿ 11 ಅಳೆಯೋದು 0ಯಿಂದ 50 ಡಿಗ್ರಿ ತನಕ ಮಾತ್ರ. ಡಿಎಚ್‌ಟಿ 22 ಅಳೆಯೋದು 80 ಡಿಗ್ರಿ ತನಕ.

ಯೋಚನೆ ಮಾಡಿ. ಮಿತಿ 72 ಅಂತ ಇಟ್ಟಿದೀವಿ, ಸೆನ್ಸರ್ 50ರ ಮೇಲೆ ನಂಬೋ ಹಾಗೇ ಇಲ್ಲ. ಅಲಾರಾಂ ಇದೆ ಅಂತ ನಂಬಿ ಮನೆಯವರು ಮಲಗ್ತಾರೆ, ಡಬ್ಬಿ ಬಾಯಿ ಬಿಡಲ್ಲ. ಇದೆಲ್ಲ ತಪ್ಪಿಸೋಕೆ ಬೇಕಾಗಿದ್ದಿದ್ದು ಇಷ್ಟೇ:

// ಡಿಎಚ್‌ಟಿ 11 ಬೇಡ. 50 ಡಿಗ್ರಿ ತನಕ ಮಾತ್ರ. ಬ್ಯಾರನ್ ಒಳಗೆ 70ರ ತನಕ ಹೋಗುತ್ತೆ.

ಒಂದು ಸಾಲು. ಬರೆಯೋಕೆ ಅರ್ಧ ನಿಮಿಷ. ಆ ಸೆನ್ಸರ್ ಬದಲಾಯಿಸಿದವರಿಗೆ ಇದು ಖಂಡಿತ ಗೊತ್ತಿತ್ತು, ಗೊತ್ತಿದ್ದಕ್ಕೇ ಬದಲಾಯಿಸಿದ್ದು. ಗೊತ್ತಿದ್ದದ್ದು ಫೈಲ್‌ಗೆ ಇಳೀಲಿಲ್ಲ, ಅಷ್ಟೇ.

ನಮ್ಮ ತಾತ ಹೊಗೆಸೊಪ್ಪಿನ ಲೆಕ್ಕ ಬರೆಯೋ ಉದ್ದನೆ ಪುಸ್ತಕ ಒಂದಿದೆ. ಸೌದೆ, ಗೊಬ್ಬರ, ಕೂಲಿ, ಬೇಲಿನ ತೂಕ ಎಲ್ಲಾ ಅದರಲ್ಲೇ. ಅದರಲ್ಲಿ ಯಾವ ಸಾಲನ್ನೂ ಅವರು ಉಜ್ಜಿ ಅಳಿಸಿಲ್ಲ. ಒಂದು ಗೀಟು ಎಳೆದು ಪಕ್ಕದಲ್ಲಿ "ವಾಪಸ್ ಬಂತು", "ಎರಡು ಸಲ ಬರೆದಿದೆ", "ಮುಂದಿನ ವಾರಕ್ಕೆ" ಅಂತ ಬರೆದಿರ್ತಾರೆ. ಕೇಳಿದ್ರೆ, "ಅಳಿಸ್ಬ್ಯಾಡ ಕಣ್ ಮಗ, ಗೀಟಾಕಿ ಪಕ್ಕದಲ್ಲಿ ಯಾಕೆ ಅಂತ ಬರ್ಕೊ. ನಾಳೆ ನಾನಿಲ್ದಿದ್ರೂ ಲೆಕ್ಕ ಗೊತ್ತಾಗ್ಬೇಕಲ್ಲ" ಅಂತಾರೆ. ಕಂಪ್ಯೂಟರ್ ಮುಟ್ಟದ ತಾತನಿಗೆ ಕಾಮೆಂಟ್ ಮಾಡೋ ಸರಿಯಾದ ಕ್ರಮ ಗೊತ್ತಿದೆ. ಗೀಟು ಮತ್ತು ಕಾರಣ, ಎರಡೂ ಜೊತೆಗೆ. ನಾವು ಗೀಟಿಗೆ ಮಾತ್ರ ಶಾರ್ಟ್‌ಕಟ್ ಮಾಡ್ಕೊಂಡಿದೀವಿ.

ಕನ್ನಡದಲ್ಲೇ ಯಾಕೆ?

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಉದ್ದವಾಗಿ ಬರೆಯೋದು ನನಗೂ ಸುಲಭ ಅಲ್ಲ, ಈ ಲೇಖನದ ಒತ್ತಕ್ಷರಗಳನ್ನು ನಮ್ಮ ಸಂಪಾದಕರೇ ಕಾಪಾಡಬೇಕು. ಆದರೂ ಲ್ಯಾಬ್‌ನಲ್ಲಿ ಪಕ್ಕದವರ ಜೊತೆ ನಾವು ಮಾತಾಡೋದು ಯಾವ ಭಾಷೆ? "ಲೋ, ಈ ಪಾಯಿಂಟರ್ ನಲ್ ಆಗೋ ಮುಂಚೆನೇ ಫ್ರೀ ಮಾಡ್ಬಿಟ್ಟಿದೀಯ ನೋಡು." ಯೋಚನೆ ನಡೆಯೋದು ಹೀಗೆ. ಅದನ್ನು ಕಾಮೆಂಟ್‌ಗೆ ಇಳಿಸುವಾಗ ಇಂಗ್ಲಿಷ್ ಮಾಡೋಕೆ ಹೋಗಿ, ಗ್ರಾಮರ್ ಸರಿ ಇಲ್ಲ ಅನ್ನಿಸಿ, ಕೊನೆಗೆ ಏನೂ ಬರೆಯದೆ ಬಿಡ್ತೀವಿ.

ನಮ್ಮ ಕ್ಲಾಸಿನಲ್ಲಿ ಹತ್ತನೇ ತರಗತಿ ತನಕ ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಇದಾರೆ. ಲಾಜಿಕ್‌ನಲ್ಲಿ ನಮಗಿಂತ ಗಟ್ಟಿ. ಆದರೆ ಅವರ ಪ್ರೋಗ್ರಾಂನಲ್ಲಿ ಒಂದೇ ಒಂದು ಕಾಮೆಂಟ್ ಇರಲ್ಲ. ಯಾಕೆ ಅಂದ್ರೆ ತಪ್ಪು ಇಂಗ್ಲಿಷ್ ನೋಡಿ ಯಾರಾದ್ರೂ ನಗ್ತಾರೆ ಅನ್ನೋ ಹೆದರಿಕೆ. ವೈವಾದಲ್ಲಿ "ಈ ಸಾಲು ಯಾಕೆ ಕಾಮೆಂಟ್ ಮಾಡಿದ್ದೀಯ" ಅಂದಾಗ ತಡವರಿಸ್ತಾರೆ. ಅದೇ ಪ್ರಶ್ನೆಗೆ ಹಾಸ್ಟೆಲ್‌ನಲ್ಲಿ ಕನ್ನಡದಲ್ಲಿ ಐದು ನಿಮಿಷ ವಿವರಿಸ್ತಾರೆ. ಕಂಪೈಲರ್‌ಗೆ ಕೀವರ್ಡ್‌ಗಳು ಇಂಗ್ಲಿಷ್‌ನಲ್ಲೇ ಬೇಕು, ಸರಿ. ಫಂಕ್ಷನ್ ಹೆಸರುಗಳು ಲೈಬ್ರರಿಯಲ್ಲಿ ಹೇಗಿವೆಯೋ ಹಾಗೇ ಬೇಕು, ಅದೂ ಸರಿ. ಆದರೆ // ಆದಮೇಲೆ ಬರೋದನ್ನು ಕಂಪೈಲರ್ ಓದೋದೇ ಇಲ್ಲ. ಇಡೀ ಪ್ರೋಗ್ರಾಂನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನಮ್ಮ ಭಾಷೆಯಲ್ಲಿ ಬರೀಬಹುದಾದ ಜಾಗ ಅದು. ಅದನ್ನೂ ನಾವೇ ಖಾಲಿ ಬಿಡೋದು ಯಾವ ನ್ಯಾಯ?

"ಕಂಗ್ಲಿಷ್‌ನಲ್ಲಿ ಬರೆದ್ರೆ ಆಗಲ್ವಾ?" ಅಂತ ಕೇಳ್ತೀರ. ವಾಟ್ಸಾಪ್‌ಗೆ ಆಗುತ್ತೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಹಳ್ಳಿಯೂ ಹಲ್ಲಿಯೂ ಒಂದೇ ಆಗಿಬಿಡುತ್ತೆ. ಆರು ತಿಂಗಳ ಮೇಲೆ ಓದೋರಿಗೆ ಇದು ತಲೆನೋವು.

ಕೀಲಿಮಣೆಯ ತೊಡಕು

ಇಲ್ಲಿ ಒಂದು ನಿಜವಾದ ತಾಂತ್ರಿಕ ತೊಡಕು ಇದೆ. ಕನ್ನಡಕ್ಕೆ ಮುಖ್ಯವಾಗಿ ಎರಡು ಕೀಲಿಮಣೆ ವಿನ್ಯಾಸ ಬಳಕೆಯಲ್ಲಿವೆ. ಒಂದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿರೋ ಕಗಪ, ನುಡಿ ತಂತ್ರಾಂಶದಿಂದ ಎಲ್ಲರಿಗೂ ಪರಿಚಯ. ಅದರಲ್ಲಿ ಕ ಬೇಕು ಅಂದ್ರೆ ಕೆ ಒತ್ತಬೇಕು, ಒತ್ತಕ್ಷರಕ್ಕೆ ಎಫ್. ಇನ್ನೊಂದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆಲ್ಲ ಒಂದೇ ಜೋಡಣೆ, ವಿಂಡೋಸ್ ಲಿನಕ್ಸ್ ಎರಡರಲ್ಲೂ ಮೊದಲಿಂದಲೇ ಇರುತ್ತೆ.

ಇನ್‌ಸ್ಕ್ರಿಪ್ಟ್ ಆನ್ ಮಾಡಿದ್ರೆ ಸ್ಲ್ಯಾಶ್ ಕೀ ಒತ್ತಿದಾಗ ಬರೋದು ಯ. ಅಂದ್ರೆ // ಅಂತ ಬರೆಯೋಕೆ ಹೋದ್ರೆ ಯಯ ಅಂತ ಬರುತ್ತೆ! ಪ್ರತಿ ಕಾಮೆಂಟ್‌ಗೂ ಇಂಗ್ಲಿಷ್‌ಗೆ ಹೋಗಿ // ಹಾಕಿ ಮತ್ತೆ ಕನ್ನಡಕ್ಕೆ ಬರಬೇಕು. ಇಷ್ಟು ಓಡಾಟ ಇದ್ರೆ ಯಾರು ಬರೀತಾರೆ? ಕೆಲವು ಎಡಿಟರ್‌ಗಳಲ್ಲಿ ಕಂಟ್ರೋಲ್ ಸ್ಲ್ಯಾಶ್ ಕೂಡ ಕೈ ಕೊಡಬಹುದು, ಯಾಕೆ ಅಂದ್ರೆ ಎಡಿಟರ್ ಕಾಯ್ತಿರೋದು ಸ್ಲ್ಯಾಶ್ ಅನ್ನೋ ಅಕ್ಷರಕ್ಕೆ, ಆ ಕೀ ಈಗ ಕೊಡ್ತಿರೋದು ಯ. ವಿಮ್‌ನಲ್ಲಂತೂ ಜಿ, ಸಿ, ಸಿ ಒತ್ತಿದ್ರೆ ಅದಕ್ಕೆ ತಲುಪೋದು ಕೊಂಬು, ಮ, ಮ. ಅದು ಸುಮ್ಮನೆ ನೋಡ್ತಾ ಕೂರುತ್ತೆ.

ಪರಿಹಾರ ಸುಲಭ. ಕಾಮೆಂಟ್ ಕೆಲಸವನ್ನು ಒಂದು ಫಂಕ್ಷನ್ ಕೀಗೆ ಕೊಟ್ಟುಬಿಡಿ. ಯಾವ ಭಾಷೆಯ ವಿನ್ಯಾಸ ಆನ್ ಇದ್ರೂ ಎಫ್ 7 ಎಫ್ 7ಆಗೇ ಇರುತ್ತೆ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಕೆ, ಕಂಟ್ರೋಲ್ ಎಸ್ ಒತ್ತಿ ಕೀಬೋರ್ಡ್ ಶಾರ್ಟ್‌ಕಟ್ಸ್ ಪುಟ ತೆರೆದು, ಟಾಗಲ್ ಲೈನ್ ಕಾಮೆಂಟ್ ಅಂತ ಹುಡುಕಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಫ್ 7 ಒತ್ತಿ, ಎಂಟರ್. ಮುಗೀತು. ಈಗ ಖಾಲಿ ಸಾಲಿನಲ್ಲಿ ಎಫ್ 7 ಒತ್ತಿದ್ರೆ // ತಾನಾಗೇ ಬರುತ್ತೆ, ಕೈ ಕನ್ನಡದಲ್ಲೇ ಇರುತ್ತೆ. ವಿಮ್‌ನವರು ಲ್ಯಾಂಗ್‌ಮ್ಯಾಪ್ ಅನ್ನೋ ಆಯ್ಕೆ ನೋಡಿ, ಯಾವ ಕನ್ನಡ ಅಕ್ಷರವನ್ನು ಯಾವ ಕಮಾಂಡ್ ಅಂತ ತಿಳೀಬೇಕು ಅಂತ ಅದಕ್ಕೆ ಹೇಳಿಕೊಡಬಹುದು. ವಿಂಡೋಸ್‌ನಲ್ಲಿ ಭಾಷೆ ಬದಲಾಯಿಸೋಕೆ ವಿಂಡೋಸ್ ಕೀ ಮತ್ತು ಸ್ಪೇಸ್.

ಇನ್ನು ಫಾಂಟ್. ಕೋಡಿಂಗ್ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರಲ್ಲ, ಹಾಗಾಗಿ ಸಿಸ್ಟಮ್ ಬೇರೆ ಯಾವುದೋ ಒಂದನ್ನು ಎಳೆದು ತರುತ್ತೆ. ಫಾಂಟ್ ಫ್ಯಾಮಿಲಿ ಸೆಟ್ಟಿಂಗ್‌ನಲ್ಲಿ ನಿಮ್ಮ ಕೋಡಿಂಗ್ ಫಾಂಟ್ ಆದಮೇಲೆ ಅಲ್ಪವಿರಾಮ ಹಾಕಿ ವಿಂಡೋಸ್‌ನಲ್ಲಿ ನಿರ್ಮಲ ಯುಐ, ಲಿನಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಅಥವಾ ಗುಬ್ಬಿ ಸೇರಿಸಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗ್ತಿದ್ರೆ ಲೈನ್ ಹೈಟ್ ಸ್ವಲ್ಪ ಏರಿಸಿ. ಟರ್ಮಿನಲ್ ಒಳಗೆ ಮಾತ್ರ ಒತ್ತಕ್ಷರ, ಗುಣಿತಾಕ್ಷರ ಇನ್ನೂ ಸರಿಯಾಗಿ ಕೂರಲ್ಲ. ಅಲ್ಲಿ ಬರೆಯೋರು ಸ್ವಲ್ಪ ತಾಳ್ಮೆ ಇಟ್ಕೋಬೇಕು.

ಫೈಲನ್ನು ಯುಟಿಎಫ್-8ರಲ್ಲೇ ಉಳಿಸಿ. ಹಳೇ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಅಂತ ಉಳಿಸಿದ್ರೆ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ, ಮತ್ತೆ ವಾಪಸ್ ಬರಲ್ಲ. ಹಾಗೇ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಿಂದ ಕಾಪಿ ಮಾಡಿ ಅಂಟಿಸಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರ್ತವೆ, ಯಾಕೆ ಅಂದ್ರೆ ಅದು ಯುನಿಕೋಡ್ ಅಲ್ಲ. ಕನ್ನಡ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದೆ. ಇವತ್ತಿನ ಜಿಸಿಸಿ, ಪೈಥಾನ್ 3, ಜಾವಾ ಯಾವುದೂ ಕನ್ನಡ ಕಾಮೆಂಟ್ ಕಂಡು ಗೊಣಗಲ್ಲ. ಹಳೇ ಟರ್ಬೋ ಸಿ ಮಾತ್ರ ತೋರಿಸಲ್ಲ. ಅದನ್ನು ಇನ್ನೂ ಬಳಸ್ತಿದ್ರೆ ಕನ್ನಡಕ್ಕಿಂತ ದೊಡ್ಡ ಸಮಸ್ಯೆ ನಿಮಗಿದೆ.

ಕಾರಣಕ್ಕೂ ಒಂದು ಶಾರ್ಟ್‌ಕಟ್

ಕಾರಣ ಬರೆಯೋ ಕೆಲಸವನ್ನೂ ಸುಲಭ ಮಾಡ್ಕೋಬಹುದು. ವಿಎಸ್ ಕೋಡ್‌ನಲ್ಲಿ ಸ್ನಿಪೆಟ್ ಅಂತ ಇದೆ. ಫೈಲ್ ಮೆನುವಿನ ಪ್ರಿಫರೆನ್ಸಸ್ ಒಳಗೆ ಹೋಗಿ ಒಂದು ಸ್ನಿಪೆಟ್ ಮಾಡಿ. ನಾನು ಮಾಡ್ಕೊಂಡಿರೋದು ಎರಡಕ್ಷರ ಬರೆದು ಟ್ಯಾಬ್ ಒತ್ತಿದ್ರೆ ಹೀಗೆ ಬರುತ್ತೆ:

// ನಿಲ್ಲಿಸಿದ್ದು: (ಇವತ್ತಿನ ತಾರೀಕು). ಕಾರಣ:

ತಾರೀಕು, ತಿಂಗಳು, ವರ್ಷ ಅದೇ ತುಂಬಿಕೊಳ್ಳುತ್ತೆ, ಅದಕ್ಕೆಂದೇ ಸ್ನಿಪೆಟ್‌ನಲ್ಲಿ ವೇರಿಯಬಲ್‌ಗಳಿವೆ. ಕಾಮೆಂಟ್ ಗುರುತಿಗೂ ವೇರಿಯಬಲ್ ಇದೆ. ಅದನ್ನು ಬಳಸಿದ್ರೆ ಸಿಯಲ್ಲಿ // ಬರುತ್ತೆ, ಪೈಥಾನ್‌ನಲ್ಲಿ # ಬರುತ್ತೆ. ಕರ್ಸರ್ ಕಾರಣದ ಮುಂದೆ ಬಂದು ನಿಲ್ಲುತ್ತೆ. ನಾವು ಬರೀಬೇಕಾದ್ದು ಮೂರು ನಾಲ್ಕು ಪದ.

ಇದರಲ್ಲಿ ಇನ್ನೊಂದು ಲಾಭ ಇದೆ. ಸಲ್ಲಿಸೋ ಮುಂಚೆ ಕಂಟ್ರೋಲ್ ಶಿಫ್ಟ್ ಎಫ್ ಒತ್ತಿ "ನಿಲ್ಲಿಸಿದ್ದು" ಅಂತ ಹುಡುಕಿ. ಇಂಗ್ಲಿಷ್ ಕೋಡ್‌ನಲ್ಲಿ ಈ ಪದ ಬೇರೆಲ್ಲೂ ಬರೋಕೆ ಸಾಧ್ಯವಿಲ್ಲ. ಹಾಗಾಗಿ ಇಡೀ ಪ್ರಾಜೆಕ್ಟ್‌ನಲ್ಲಿ ಬಾಕಿ ಇರೋದೆಲ್ಲ ಪಟ್ಟಿಯಾಗಿ ಕಣ್ಣ ಮುಂದೆ ಬರುತ್ತೆ. ತಾರೀಕು ನೋಡಿ, ಹಳೇದಾಗಿದ್ರೆ ತೀರ್ಮಾನ ಮಾಡಿ, ಬೇಕೋ ಬೇಡವೋ.

ಆಕ್ಷೇಪಗಳು

"ಗಿಟ್ ಇರುವಾಗ ಹಳೇ ಸಾಲನ್ನು ಕಾಮೆಂಟ್ ಮಾಡಿ ಇಟ್ಕೊಳ್ಳೋದೇ ತಪ್ಪಲ್ವಾ?" ಇದು ಸರಿಯಾದ ಮಾತು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದಮೇಲೆ ಹಳೇ ಕೋಡ್ ಕಳೆದುಹೋಗೋ ಭಯಕ್ಕೆ ಜಾಗ ಇಲ್ಲ. ಪ್ರಯೋಗ ಮುಗಿದ ಮೇಲೆ ಸತ್ತ ಸಾಲು ತೆಗೀಬೇಕು, ಅದರ ಕಾರಣ ಕಮಿಟ್ ಸಂದೇಶಕ್ಕೆ ಹೋಗಬೇಕು. ನಾನು ತಾರೀಕು ಹಾಕಿ ಅನ್ನೋದೂ ಅದಕ್ಕೇ. ಆದರೆ ನಮ್ಮ ಪ್ರಾಜೆಕ್ಟ್‌ಗಳು ಇನ್ನೂ ಪೆನ್ ಡ್ರೈವ್‌ನಲ್ಲಿ, ವಾಟ್ಸಾಪ್ ಜಿಪ್ ಫೈಲ್‌ನಲ್ಲಿ ಓಡಾಡ್ತಿವೆ. ಗಿಟ್ ಬರೋ ತನಕ ಕಾರಣ ಫೈಲ್ ಒಳಗೇ ಇರಬೇಕು. ಗಿಟ್ ಬಂದ ಮೇಲೂ ಡಿಎಚ್‌ಟಿ 11ರಂಥ ಎಚ್ಚರಿಕೆ ಕೋಡ್ ಪಕ್ಕದಲ್ಲೇ ಇರಬೇಕು, ಹಳೇ ಕಮಿಟ್ ಅಗೆದು ಯಾರೂ ನೋಡಲ್ಲ.

"ಕಂಪನಿಗೆ ಹೋದ್ರೆ ಇಂಗ್ಲಿಷೇ ಬೇಕಲ್ಲ?" ಬೇಕು. ಹೊರಗಿನವರು ಓದೋ ಕೋಡ್‌ಗೆ ಇಂಗ್ಲಿಷ್‌ನಲ್ಲೇ ಬರೆಯೋಣ. ಆದರೆ ಈಗ ನಮ್ಮ ಕೋಡ್ ಓದೋರು ಯಾರು? ನಾವು, ಪಕ್ಕದ ಬೆಂಚಿನವರು, ಮುಂದಿನ ವರ್ಷದ ಜೂನಿಯರ್‌ಗಳು, ಲ್ಯಾಬ್ ಮೇಡಮ್ಮು. ಎಲ್ಲರಿಗೂ ಕನ್ನಡ ಬರದಿದ್ರೆ ತಂಡದ ಅನುಕೂಲ ನೋಡಿ ತೀರ್ಮಾನಿಸಿ, ಬೇರೆ ರಾಜ್ಯದ ಗೆಳೆಯರಿದ್ರೆ ಅವರನ್ನು ಹೊರಗಿಡಬೇಡಿ. ಕಾರಣ ಬರೆಯೋ ಅಭ್ಯಾಸ ಒಮ್ಮೆ ಬಂದ್ರೆ ಅದನ್ನು ಇಂಗ್ಲಿಷ್‌ಗೆ ಬದಲಾಯಿಸೋದು ಕಷ್ಟ ಅಲ್ಲ. ಅಭ್ಯಾಸವೇ ಇಲ್ಲದೆ ಇಂಗ್ಲಿಷ್ ಮಾತ್ರ ಬಂದ್ರೆ ಏನೂ ಉಪಯೋಗ ಇಲ್ಲ. ರೂಬಿ ಭಾಷೆ ಮಾಡಿದ ಯುಕಿಹಿರೋ ಮಾತ್ಸುಮೋಟೋ ಜಪಾನಿನವರು, ಆ ಭಾಷೆಯ ಮೊದಲ ವರ್ಷಗಳ ಬರವಣಿಗೆ ಹೆಚ್ಚಿನದೆಲ್ಲ ಜಪಾನಿ ಭಾಷೆಯಲ್ಲೇ ಇತ್ತು. ಅದರಿಂದ ಪ್ರಪಂಚಕ್ಕೆ ಏನೂ ನಷ್ಟ ಆಗಲಿಲ್ಲ.

"ಕನ್ನಡ ಟೈಪಿಂಗ್ ನಿಧಾನ." ಮೊದಲ ವಾರ ಹೌದು. ಇಂಗ್ಲಿಷ್ ಟೈಪಿಂಗ್ ಕೂಡ ಹುಟ್ಟುತ್ತಲೇ ಬಂದದ್ದಲ್ಲ. ದಿನಕ್ಕೆ ಎರಡು ಕಾಮೆಂಟ್ ಅಂದ್ರೆ ಎರಡು ಸಾಲು ಅಭ್ಯಾಸ. ಮೊದಲ ವರ್ಷ ಸಾಂಸ್ಕೃತಿಕ ಕನ್ನಡ ಪರೀಕ್ಷೆ ಬರೆದು ಪಾಸಾದ ಮೇಲೆ ಆ ಭಾಷೆಗೆ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕೆಲಸವೇ ಇಲ್ಲದ ಹಾಗೆ ಆಗಿದೆ. ಇದು ಅದಕ್ಕೊಂದು ದಿನದ ಕೆಲಸ.

ಏನು ಮಾಡಬಹುದು

ಮೂರು ಬೇಡಿಕೆ ಇಟ್ಟು ಮುಗಿಸ್ತೀನಿ. ನಮ್ಮ ಕನ್ನಡ ಸಂಘಕ್ಕೆ: ನವೆಂಬರ್‌ನಲ್ಲಿ ರಾಜ್ಯೋತ್ಸವದ ಜೊತೆ ಒಂದು ಮಧ್ಯಾಹ್ನ ಲ್ಯಾಬ್‌ನಲ್ಲಿ ಕೂತು ಎಲ್ಲರ ಲ್ಯಾಪ್‌ಟಾಪ್‌ಗೂ ಕನ್ನಡ ಕೀಲಿಮಣೆ, ಫಾಂಟ್, ಎಫ್ 7 ಮತ್ತು ಆ ಸ್ನಿಪೆಟ್ ಹಾಕಿಕೊಡೋಣ. ಸೆಟ್ಟಿಂಗ್ ಫೈಲ್ ಸಂಘದ ಡ್ರೈವ್‌ನಲ್ಲಿ ಇಡೋಣ, ಬೇಕಾದವರು ಇಳಿಸ್ಕೊಳ್ಳಲಿ. ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ನಮ್ಮ ಸೆಟ್ಟಿಂಗ್ ಉಳಿಯಲ್ಲ, ಅದಕ್ಕೆ ಮೇಲೆ ಹೇಳಿದ ಮಾಮೂಲಿ ಕೀಗಳನ್ನೂ ಕಲಿತಿರಬೇಕು.

ನಮ್ಮ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ: ಲ್ಯಾಬ್ ರೆಕಾರ್ಡ್‌ನಲ್ಲಿ ಕನ್ನಡ ಕಾಮೆಂಟ್ ಕಂಡ್ರೆ ದಯವಿಟ್ಟು ಕೆಂಪು ಗೀಟು ಹಾಕಬೇಡಿ. ಕಾರಣ ಸರಿಯಾಗಿದ್ಯಾ ನೋಡಿ, ಸರಿ ಇಲ್ಲದಿದ್ರೆ ಖಂಡಿತ ಗೀಟು ಹಾಕಿ. ಕಾಗುಣಿತಕ್ಕೆ ಸ್ವಲ್ಪ ರಿಯಾಯಿತಿ ಇರಲಿ.

ಕೊನೆಗೆ ನಿಮಗೆ, ಓದುಗರಿಗೆ: ಇವತ್ತು ನಿಮ್ಮ ಕೊನೇ ಪ್ರೋಗ್ರಾಂ ತೆಗೆದು ನೋಡಿ. ಅದರಲ್ಲಿ ಕಾಮೆಂಟ್ ಆಗಿ ಮಲಗಿರೋ ಸಾಲುಗಳಲ್ಲಿ ಎಷ್ಟಕ್ಕೆ ಕಾರಣ ನೆನಪಿದೆ? ನೆನಪಿರೋದಕ್ಕೆ ಒಂದು ಸಾಲು ಬರೀರಿ, ನೆನಪಿಲ್ಲದ್ದನ್ನು ಅಳಿಸಿಬಿಡಿ. ನಮ್ಮ ಬ್ಯಾರನ್ ಡಬ್ಬಿಯ ಕೋಡ್ ಕೂಡ ಮುಂದಿನ ಬ್ಯಾಚ್‌ಗೆ ಸಂಘದ ಡ್ರೈವ್‌ನಲ್ಲೇ ಸಿಗುತ್ತೆ. ಪ್ರತಿ ನಿಲ್ಲಿಸಿದ ಸಾಲಿಗೂ ಕಾರಣ ಇದೆ, ಕನ್ನಡದಲ್ಲಿದೆ. ತಪ್ಪು ಕಂಡ್ರೆ ಪಕ್ಕದಲ್ಲಿ ತಾರೀಕು ಹಾಕಿ ನೀವೂ ಬರೀರಿ.